ಬೀಟೆ ಮಂಚ ಮತ್ತು ಸ್ಪೇನಿನ ಬಡಗಿ

ಮಲವಗೊಪ್ಪದ ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಮಂಚವಿದೆ. ಬೀಟೆ ಮರದ್ದು. ತೀರ್ಥಹಳ್ಳಿ ಕಡೆಯ ಹಳೆಯ ಮನೆ ಪಾಲಾದಾಗ ಅಣ್ಣಂದಿರಿಗೆ ಹಂಡೆ, ಕೊಪ್ಪರಿಗೆ, ಗಡಿಯಾರ ಹೋದವು. ನನ್ನ ಪಾಲಿಗೆ ಅಮ್ಮನ ಮಂಚ ಬಂತು. ಲಾರಿಗೆ ಏರಿಸಲು ನಾಲ್ಕು ಜನ ಬೇಕಾಯಿತು. ಈಗ ಅದರ ಒಂದು ಕಾಲು ಸೀಳಿದೆ, ಅಡಿಗೆ ಇಟ್ಟಿಗೆ ಕೊಟ್ಟಿದ್ದೇನೆ. ಬೆಂಗಳೂರಿನ ಮಗ ತನ್ನ ಫ್ಲಾಟಿನಲ್ಲಿ ಇದಕ್ಕೆ ಜಾಗವಿಲ್ಲ ಎಂದು ಮೊದಲೇ ಹೇಳಿದ್ದಾನೆ. ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬ ಎರಡು ಸಲ ಬಂದು, ಬಗ್ಗಿ ನೋಡಿ, ಬೆಲೆ ಹೇಳಿ ಹೋಗಿದ್ದಾನೆ. ಎರಡನೆಯ ಸಲ ನಾನು ಮುಕ್ಕಾಲು ಪಾಲು ಒಪ್ಪಿಕೊಂಡೇ ಬಿಟ್ಟಿದ್ದೆ.

ಆ ಭಾನುವಾರ ಶಿವಮೊಗ್ಗದಿಂದ ಮಗಳ ಮಗ ಬಂದ. ಎಂಟನೇ ತರಗತಿ. ಬೆನ್ನಿಗೆ ತನಗಿಂತ ದೊಡ್ಡ ಚೀಲ, ಅದರೊಳಗೆ ಗಿಟಾರ್. ನಮ್ಮ ಕಾಲದಲ್ಲಿ ಗಿಟಾರ್ ಎಂದರೆ ಸಿನಿಮಾದಲ್ಲಿ ನಾಯಕ ತೋಟದ ನಡುವೆ ಹಿಡಿದು ಓಡಾಡುವ ಒಂದು ಪೆಟ್ಟಿಗೆ, ಅಷ್ಟೆ. ಇವನು ವಾರಕ್ಕೆರಡು ದಿನ ಪಾಠಕ್ಕೆ ಹೋಗುತ್ತಾನೆ. ಬಂದವನು ಗಿಟಾರಿನ ಬೆನ್ನನ್ನು ಬೆರಳ ಗೆಣ್ಣಿನಿಂದ ಬಡಿದ. ಆಮೇಲೆ ಮಂಚದ ತಲೆಹಲಗೆಯನ್ನು ಬಡಿದ. ಮತ್ತೆ ಗಿಟಾರ್, ಮತ್ತೆ ಮಂಚ.

"ತಾತ, ನನ್ನ ಗಿಟಾರಿಗಿಂತ ನಿನ್ನ ಮಂಚವೇ ಚೆನ್ನಾಗಿ ಶಬ್ದ ಮಾಡುತ್ತೆ" ಎಂದ.

ನಿಜ. ಅವನದು ಅಗ್ಗದ ಗಿಟಾರ್, ಬೆನ್ನು ಪ್ಲೈವುಡ್, "ಡಬ್" ಎಂದಿತು. ಮಂಚ "ಟಣ್" ಎಂದಿತು, ಸ್ವಲ್ಪ ಹೊತ್ತು ಗುಂಯ್‌ಗುಟ್ಟಿತು ಕೂಡ. ಅಮ್ಮ ಮಲಗುತ್ತಿದ್ದ ಮಂಚಕ್ಕೆ ಇಂಥ ದನಿ ಇದೆ ಎಂದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಬಡಿದು ನೋಡಿದವರು ಯಾರು?

"ನಮ್ಮ ಮೇಷ್ಟ್ರು ಹೇಳಿದ್ರು, ಸ್ಪೇನಿನ ಒಳ್ಳೇ ಗಿಟಾರುಗಳ ಬೆನ್ನು ಇಂಡಿಯನ್ ರೋಸ್‌ವುಡ್ಡಿಂದ ಮಾಡ್ತಾರಂತೆ. ಅಂದ್ರೆ ಬೀಟೆ ತಾನೆ?"

ಅಂದರೆ ಬೀಟೆಯೇ. ನಮ್ಮ ಮಲೆನಾಡಿನ ಕಾಡಿನಲ್ಲಿ ಬೆಳೆಯುವ ಕಪ್ಪು ಗೆರೆಯ ಕಂದು ಮರ. ಅಲ್ಲಿಂದ ಶುರುವಾಯಿತು ನನ್ನ ಓದು. ನಿವೃತ್ತ ಗುಮಾಸ್ತನಿಗೆ ಸಮಯಕ್ಕೇನು ಬರ.

ಓದುತ್ತಾ ಹೋದಂತೆ ಒಬ್ಬ ಬಡಗಿ ಸಿಕ್ಕಿದ. ಹೆಸರು ಆಂಟೋನಿಯೋ ದೆ ಟೊರ್ರೆಸ್. 1817ರಲ್ಲಿ ಸ್ಪೇನ್ ದೇಶದ ದಕ್ಷಿಣ ತುದಿಯ ಆಲ್ಮೇರಿಯಾ ಊರಿನ ಪಕ್ಕ ಹುಟ್ಟಿದವನು. ತಂದೆ ಕರ ವಸೂಲಿ ಮಾಡುವ ನೌಕರ. ಲೆಕ್ಕದ ಮನೆಯವನು ಎಂದು ತಿಳಿದು ನನಗೆ ಒಳಗೊಳಗೇ ಸಂತೋಷವಾಯಿತು. ಹುಡುಗನನ್ನು 12ನೇ ವಯಸ್ಸಿಗೆ ಮರಗೆಲಸಕ್ಕೆ ಹಾಕಿದರು. ಮದುವೆಯೂ ಬೇಗ ಆಯಿತು. ಮೂವರು ಹೆಣ್ಣುಮಕ್ಕಳಲ್ಲಿ ಇಬ್ಬರು ಹೋದರು, ಹೆಂಡತಿ ಇಪ್ಪತ್ತಮೂರನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡಳು. ಮೈತುಂಬ ಸಾಲ. ಟೊರ್ರೆಸ್ ಊರು ಬಿಟ್ಟು ಸೆವಿಲ್ ನಗರಕ್ಕೆ ಬಂದ. ಬಂದಾಗ ಅವನು ಬಡಗಿ. ಗಿಟಾರ್ ಮಾಡುವುದನ್ನು ಅವನಿಗೆ ಯಾರು ಕಲಿಸಿದರು ಎಂಬುದಕ್ಕೆ ಗಟ್ಟಿಯಾದ ದಾಖಲೆಯಿಲ್ಲ. ನೋಡಿ, ಬಿಚ್ಚಿ, ಕೆಡಿಸಿ, ಮತ್ತೆ ಕೂಡಿಸಿ ಕಲಿತಿರಬೇಕು.

ಆಗ ಗಿಟಾರ್ ಚಿಕ್ಕದಿತ್ತು, ದನಿಯೂ ಸಣ್ಣದು. ಮನೆಯ ಜಗುಲಿಗೆ ಸಾಕು, ಸಭೆಗೆ ಸಾಲದು. ಟೊರ್ರೆಸ್ ಅದರ ಹೊಟ್ಟೆಯನ್ನು ಅಗಲ ಮಾಡಿದ. ಮುಂದಿನ ಹಲಗೆಯನ್ನು ತೆಳ್ಳಗೆ ಮಾಡಿದ. ತೆಳ್ಳಗಾದರೆ ತಂತಿಯ ಸೆಳೆತಕ್ಕೆ ಮುರಿಯುತ್ತದಲ್ಲ? ಅದಕ್ಕೆ ಒಳಗಡೆ ಬೀಸಣಿಗೆಯ ಕಡ್ಡಿಗಳ ಹಾಗೆ ಏಳು ಸಣ್ಣ ಪಟ್ಟಿಗಳನ್ನು ಅಂಟಿಸಿದ. ಬೀಸಣಿಗೆ ಪಟ್ಟಿ ಅವನಿಗಿಂತ ಮುಂಚೆಯೇ ಇತ್ತು. ಅದನ್ನು ಸರಿಯಾದ ಜಾಗಕ್ಕೆ, ಸರಿಯಾದ ಅಳತೆಗೆ ತಂದವನು ಇವನು. ಇಂದು ಜಗತ್ತಿನಲ್ಲಿ ಎಲ್ಲೇ ಸ್ಪೇನ್ ಮಾದರಿಯ ಗಿಟಾರ್ ಮಾಡಲಿ, ಹೆಚ್ಚುಕಡಿಮೆ ಅವನ ಅಳತೆಯೇ. ತಂತಿ ಮಿಡಿಯುವ ಉದ್ದ 65 ಸೆಂಟಿಮೀಟರ್ ಎನ್ನುವುದೂ ಅವನಿಂದ ರೂಢಿಗೆ ಬಂದದ್ದು.

ಮಕ್ಕಳೇ, ನಿಮಗೆ ಇಷ್ಟವಾಗುವ ಭಾಗ ಈಗ ಬರುತ್ತದೆ. ಗಿಟಾರಿನ ದನಿ ಎಲ್ಲಿಂದ ಬರುತ್ತದೆ ಎಂಬ ವಾದವಿತ್ತು. ಮುಂದಿನ ಹಲಗೆಯಿಂದ ಎಂದು ಟೊರ್ರೆಸ್ ನಂಬಿದ್ದ. ನಂಬಿದರಾಯಿತೆ, ತೋರಿಸಬೇಡವೆ? 1862ರಲ್ಲಿ ಅವನು ಒಂದು ಗಿಟಾರ್ ಮಾಡಿದ. ಮುಂದಿನ ಹಲಗೆ ಒಳ್ಳೆಯ ಮರ. ಬೆನ್ನು ಮತ್ತು ಪಕ್ಕಗಳು? ರಟ್ಟು! ಹೌದು, ಕಾಗದದ ರಟ್ಟು. ಆ ರಟ್ಟಿನ ಗಿಟಾರ್ ಇಂದಿಗೂ ಬಾರ್ಸಿಲೋನಾ ನಗರದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಇದನ್ನು ಹೇಳಿದಾಗ ಮೊಮ್ಮಗ, "ಹಾಗಾದ್ರೆ ಬೀಟೆ ಯಾಕೆ ಬೇಕು?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಮುಂದಿನ ಹಲಗೆ ಕಂಪಿಸಬೇಕು. ಬೆನ್ನು ಆ ಕಂಪನವನ್ನು ನುಂಗದೆ ತಿರುಗಿಸಿ ಕೊಡಬೇಕು. ಮೆತ್ತನೆಯ ಗೋಡೆಗೆ ಚೆಂಡು ಎಸೆದರೆ ಬಿದ್ದುಹೋಗುತ್ತದೆ, ಗಟ್ಟಿ ಗೋಡೆಗೆ ಎಸೆದರೆ ವಾಪಸು ಬರುತ್ತದೆ. ಬೀಟೆ ಗಟ್ಟಿ ಗೋಡೆ. ಟೊರ್ರೆಸ್ ಸಹ ರಟ್ಟಿನದನ್ನು ವಾದಕ್ಕಾಗಿ ಮಾಡಿದನೇ ಹೊರತು ಗಿರಾಕಿಗಳಿಗೆ ರಟ್ಟು ಕೊಡಲಿಲ್ಲ.

ಇಷ್ಟೆಲ್ಲ ಮಾಡಿದವನು ಶ್ರೀಮಂತನಾದನೆ? ಇಲ್ಲ. 1858ರಲ್ಲಿ ಸೆವಿಲ್ ವಸ್ತುಪ್ರದರ್ಶನದಲ್ಲಿ ಕಂಚಿನ ಪದಕ ಬಂತು. ತಾರೆಗಾ ಎಂಬ ದೊಡ್ಡ ವಾದಕ ಅವನ ಗಿಟಾರ್ ಕೊಂಡ. ಆದರೂ ಸಂಸಾರ ಸಾಗದೆ 1870ರ ಹೊತ್ತಿಗೆ ಊರಿಗೆ ವಾಪಸಾಗಿ ಪಿಂಗಾಣಿ, ಗಾಜಿನ ಸಾಮಾನಿನ ಅಂಗಡಿ ಇಟ್ಟ! ಕೆಲವು ವರ್ಷದ ನಂತರ ಕೈ ತಡೆಯದೆ ಮತ್ತೆ ಗಿಟಾರ್ ಮಾಡತೊಡಗಿದ, ಅವುಗಳ ಒಳಗೆ "ಎರಡನೆಯ ಕಾಲ" ಎಂದು ಚೀಟಿ ಅಂಟಿಸಿದ. 1892ರಲ್ಲಿ ತೀರಿಕೊಳ್ಳುವ ತನಕ ನಿಲ್ಲಿಸಲಿಲ್ಲ. ಕೊನೆಗಾಲದಲ್ಲಿ ಕೈ ನಡುಗುತ್ತಿದ್ದಾಗ ನೆರೆಯ ಪಾದ್ರಿಯೊಬ್ಬರು ಸಹಾಯಕ್ಕೆ ಬರುತ್ತಿದ್ದರು. ಅವರು ಬರೆದಿಟ್ಟಿರುವ ಪ್ರಕಾರ, ಒಮ್ಮೆ ಊಟದ ಹೊತ್ತಿನಲ್ಲಿ ನಿನ್ನ ಗುಟ್ಟೇನು ಹೇಳಿಬಿಡು ಎಂದು ಕೇಳಿದ್ದಕ್ಕೆ ಟೊರ್ರೆಸ್ ಹೆಬ್ಬೆರಳು ಮತ್ತು ತೋರುಬೆರಳನ್ನು ಚಿವುಟುವ ಹಾಗೆ ಹಿಡಿದು ತೋರಿಸಿದನಂತೆ. ಹಲಗೆ ಎಷ್ಟು ತೆಳ್ಳಗಿರಬೇಕು ಎಂದು ಹೇಳುವುದು ಈ ಬೆರಳ ತುದಿ. ಇದು ನನ್ನ ಜೊತೆಯೇ ಹೋಗುತ್ತದೆ, ಕೊಡುವುದು ಹೇಗೆ ಎಂಬುದು ಅವನ ಮಾತಿನ ಅರ್ಥ.

ಹಲಗೆಯ ದಪ್ಪ ಸುಮಾರು 2ರಿಂದ 2.5 ಮಿಲಿಮೀಟರ್. ನಮ್ಮ ಬ್ಯಾಂಕಿನ ಹಳೇ ಲೆಡ್ಜರಿನ ರಟ್ಟಿನಷ್ಟು. ಆರು ತಂತಿಗಳೂ ಸೇರಿ ಅದನ್ನು ಎಳೆಯುವ ಬಲ ಹತ್ತಿರ ಹತ್ತಿರ 40 ಕಿಲೋ. ಇಡೀ ಗಿಟಾರಿನ ತೂಕ ಒಂದೂವರೆ ಕಿಲೋ.

ಟೊರ್ರೆಸ್‌ನ ಗುಟ್ಟು ಅವನ ಜೊತೆಯೇ ಹೋಯಿತೆ? ಇಲ್ಲಿ ಎರಡನೆಯ ಬಡಗಿ ಬರುತ್ತಾನೆ. ಹೊಸೆ ರೊಮಾನಿಲ್ಲೋಸ್. 1932ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮೇಜು, ಬೀರು ಮಾಡುವ ಕೆಲಸ ಕಲಿತವರು. 1956ರಲ್ಲಿ ಹೊಟ್ಟೆಪಾಡಿಗೆ ಇಂಗ್ಲೆಂಡಿಗೆ ಹೋದರು, ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಪರದೇಶ, ಚಳಿ, ತಿಳಿಯದ ಭಾಷೆ. ಊರಿನ ನೆನಪಾಗಿ 1961ರಲ್ಲಿ ಮನೆಯಲ್ಲೇ ಒಂದು ಗಿಟಾರ್ ಮಾಡಿದರು. ಗುರುವಿಲ್ಲ, ಕಾರ್ಖಾನೆಯಿಲ್ಲ. ನಮ್ಮ ಕಡೆಯವರು ದುಬೈಗೆ ಹೋಗಿ ಅಲ್ಲಿ ಕಡುಬು ಬೇಯಿಸುವ ಹಾಗೆ ಅಂದುಕೊಳ್ಳಿ. ಒಂದಾದ ಮೇಲೆ ಒಂದು ಮಾಡುತ್ತಾ ಹೋದರು. 1970ರಲ್ಲಿ ಜೂಲಿಯನ್ ಬ್ರೀಮ್ ಎಂಬ ಇಂಗ್ಲೆಂಡಿನ ಹೆಸರಾಂತ ಗಿಟಾರ್ ವಾದಕ ಇವರ ಕೆಲಸ ಮೆಚ್ಚಿ, ತನ್ನ ಹಳ್ಳಿಮನೆಯ ಆವರಣದಲ್ಲೇ ಕಮ್ಮಟಕ್ಕೆ ಜಾಗ ಕೊಟ್ಟರು. 1973ರಲ್ಲಿ ರೊಮಾನಿಲ್ಲೋಸ್ ಮಾಡಿದ ಒಂದು ಗಿಟಾರನ್ನು ಬ್ರೀಮ್ ವರ್ಷಾನುಗಟ್ಟಲೆ ಕಛೇರಿಗಳಲ್ಲಿ ನುಡಿಸಿದರು. ಕೀಲು ಎತ್ತಿಟ್ಟ ಬೀರುವಿನ ಬಡಗಿ ಜಗತ್ತಿನ ಅತಿ ಉತ್ತಮ ಗಿಟಾರ್ ತಯಾರಕರಲ್ಲಿ ಒಬ್ಬರಾದರು.

ಇವರು ಮಾಡಿದ ಇನ್ನೊಂದು ಕೆಲಸ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಟೊರ್ರೆಸ್‌ನ ಗಿಟಾರುಗಳು ಎಲ್ಲೆಲ್ಲಿವೆ ಎಂದು ಹುಡುಕಿಕೊಂಡು ಹೋಗಿ, ಅಳೆದು, ಬರೆದು, 1987ರಲ್ಲಿ ಅವನ ಜೀವನಚರಿತ್ರೆಯನ್ನು ಪುಸ್ತಕವಾಗಿ ತಂದರು. ಶಾಲೆ ಕಲಿತದ್ದು ಕಡಿಮೆ, ಬರೆದದ್ದು ಪಂಡಿತರು ಇಂದಿಗೂ ತೆಗೆದು ನೋಡುವಂಥ ಗ್ರಂಥ. ತಮ್ಮ ಗಿಟಾರಿನ ದನಿಕಂಡಿಯ ಸುತ್ತ ಅವರು ಸಾಸಿವೆಯಷ್ಟು ಸಣ್ಣ ಬಣ್ಣದ ಮರದ ಚೂರುಗಳಿಂದ ಸಾಲು ಕಮಾನುಗಳ ಚಿತ್ತಾರ ಕೂಡಿಸುತ್ತಿದ್ದರು. ಕಾರ್ಡೋಬಾ ನಗರದ ಪುರಾತನ ಮಸೀದಿಯ ಕಮಾನುಗಳವು. ನಮ್ಮ ಸಾಗರ, ಸೊರಬದ ಗುಡಿಗಾರರು ಗಂಧದ ಪೆಟ್ಟಿಗೆಯ ಮೇಲೆ ಕೆತ್ತುವುದನ್ನು ಕಂಡವರಿಗೆ ಆ ತಾಳ್ಮೆ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. 2022ರಲ್ಲಿ ರೊಮಾನಿಲ್ಲೋಸ್ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ, ಮಗನೂ ಗಿಟಾರ್ ತಯಾರಕ.

ಸ್ಪೇನಿನವರು ಗಿಟಾರ್ ಕಟ್ಟುವ ರೀತಿಯೇ ಬೇರೆ. ಮುಖ ಕೆಳಗೆ ಮಾಡಿ ಮಲಗಿಸಿ ಕಟ್ಟುತ್ತಾರೆ, ಮಗುವನ್ನು ಬೋರಲು ಮಲಗಿಸಿ ಎಣ್ಣೆ ಹಚ್ಚುವ ಹಾಗೆ. ಪಕ್ಕದ ತೆಳು ಪಟ್ಟಿಯನ್ನು ಒದ್ದೆ ಮಾಡಿ ಕಾದ ಕಬ್ಬಿಣದ ಕೊಳವೆಗೆ ಒತ್ತುತ್ತಾ ನಿಧಾನಕ್ಕೆ ಬಗ್ಗಿಸುತ್ತಾರೆ. ಅವಸರ ಮಾಡಿದರೆ ಚಟ್ ಎನ್ನುತ್ತದೆ, ಅಷ್ಟೂ ಮರ ಒಲೆಗೆ. ಬೆನ್ನಿಗೆ ಒಂದೇ ಹಲಗೆಯನ್ನು ಎರಡು ಹಾಳೆಯಾಗಿ ಸೀಳಿ ಪುಸ್ತಕದ ಹಾಗೆ ತೆರೆದು ಜೋಡಿಸುತ್ತಾರೆ. ಎಡದ ಗೆರೆಯೂ ಬಲದ ಗೆರೆಯೂ ಕನ್ನಡಿಯಲ್ಲಿ ಕಂಡಂತೆ ಕೂಡುತ್ತವೆ. ಕೊನೆಗೆ ಅರಗಿನ ಹೊಳಪು. ಅರಗು ಅಂದರೆ ಚನ್ನಪಟ್ಟಣದ ಬೊಂಬೆಗೆ ಬಳಿಯುವ ಅದೇ ಅರಗು, ಮರದ ಮೇಲಿನ ಪುಟ್ಟ ಕೀಟದ್ದು. ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಹತ್ತಾರು ಸಲ ತೆಳ್ಳಗೆ ಸವರುತ್ತಾರೆ. ಬೆನ್ನಿಗೆ ಬೀಟೆ, ಮೈಗೆ ಅರಗು. ಸ್ಪೇನಿನ ಗಿಟಾರ್ ಎನ್ನುವುದರಲ್ಲಿ ನಮ್ಮ ದೇಶದ ಪಾಲು ಎಷ್ಟು ನೋಡಿ.

ನಮ್ಮ ವೀಣೆ ಬೇರೆ ಜಾತಿಯದು. ಹಲಸಿನ ದಿಮ್ಮಿಯನ್ನು ಕೊರೆದು ಕೊಡ ಮಾಡುತ್ತಾರೆ; ಇವರದು ಹಾಳೆಗಳನ್ನು ಅಂಟಿಸಿದ ಪೆಟ್ಟಿಗೆ. ವೀಣೆಯ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುವಾಗ ಕಿವಿಯೇ ಅಳತೆಗೋಲು. ಗಿಟಾರಿನ ಮೆಟ್ಟಿಲು ಮಾತ್ರ ಲೆಕ್ಕ. ಈ ಲೆಕ್ಕ ನೋಡಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಿ.ಕಾಂ. ಓದಿದ್ದಕ್ಕೆ ಎಪ್ಪತ್ತು ದಾಟಿದ ಮೇಲೆ ಒಂದು ಸಾರ್ಥಕತೆ ಸಿಕ್ಕಿತು!

ತಂತಿಯ ಉದ್ದ 650 ಮಿಲಿಮೀಟರ್. ಅದನ್ನು 17.817ರಿಂದ ಭಾಗಿಸಿ: 36.48. ಮೊದಲ ಮೆಟ್ಟಿಲು ಅಲ್ಲಿ. ಉಳಿದದ್ದು 613.52. ಅದನ್ನು ಮತ್ತೆ 17.817ರಿಂದ ಭಾಗಿಸಿ: 34.43. ಎರಡನೆಯ ಮೆಟ್ಟಿಲು. ಉಳಿದದ್ದನ್ನು ಮತ್ತೆ ಭಾಗಿಸಿ. ಹೀಗೆ 12 ಸಲ ಮಾಡಿದರೆ ಉಳಿಯುವುದು 325, ಸರಿಯಾಗಿ ಅರ್ಧ. ಅಲ್ಲಿ ಒತ್ತಿದರೆ ಮೇಲಿನ ಷಡ್ಜ. ನನ್ನ ಓರಗೆಯ ಲೆಕ್ಕಿಗರಿಗೆ ಇದೇನೆಂದು ತಟ್ಟನೆ ಹೊಳೆದಿರುತ್ತದೆ: ಕಾರ್ಖಾನೆಯ ಯಂತ್ರದ ಸವಕಳಿ ಲೆಕ್ಕ! ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಇಷ್ಟು ಶೇಕಡಾ ಕಳೆಯುವುದು. ಇಲ್ಲಿ ದರ ಸುಮಾರು ಶೇ. 5.61.

ಇನ್ನೊಂದು ಕಡೆಯಿಂದ ನೋಡಿದರೆ ಇದೇ ಚಕ್ರಬಡ್ಡಿ. ಐದನೆಯ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಮೊದಲ ಮೆಟ್ಟಿಲಿನಲ್ಲಿ ಒತ್ತಿದರೆ 116.54. ಹನ್ನೆರಡನೆಯದರಲ್ಲಿ 220. ಅಂದರೆ ಬ್ಯಾಂಕಿನಲ್ಲಿ 110 ರೂಪಾಯಿ ಠೇವಣಿ ಇಟ್ಟು, ವರ್ಷಕ್ಕೆ ಶೇ. 5.946 ಚಕ್ರಬಡ್ಡಿ ಬಂದರೆ 12 ವರ್ಷಕ್ಕೆ ಎರಡರಷ್ಟು. ಕೌಂಟರಿನ ಆಚೆ ನಿಂತ ಎಷ್ಟು ಜನರಿಗೆ ಹಣ ಯಾವಾಗ ದ್ವಿಗುಣವಾಗುತ್ತದೆ ಎಂದು ಹೇಳಿದ್ದೇನೋ! ಅದರಲ್ಲಿ ಸರಿಗಮ ಇದೆ ಎಂದು ಯಾರೂ ನನಗೆ ಹೇಳಲಿಲ್ಲ.

ಮುಂದಿನ ಭಾನುವಾರ ತಾತ ಮೊಮ್ಮಗ ಇಬ್ಬರೂ ಹಿತ್ತಲಿನಲ್ಲಿ ಕೂತೆವು. ಒಂದು ಹಲಸಿನ ಹಲಗೆ, ಎರಡು ಕಡೆ ಮರದ ಕುದುರೆ, ನಡುವೆ ಗಿಟಾರಿನ ಒಂದು ಬಿಡಿ ತಂತಿ. ಮೆಟ್ಟಿಲಿಗೆ ಸೈಕಲ್ ಚಕ್ರದ ಕಡ್ಡಿ ತುಂಡರಿಸಿಕೊಂಡೆವು. ಲೆಕ್ಕ ನನ್ನದು, ಗರಗಸ ಅವನದು. 17.817 ಎಂದು ಯಾರು ಹನ್ನೆರಡು ಸಲ ಭಾಗಿಸುತ್ತಾರೆ ಎಂದು ನಾನು 18 ಇಟ್ಟುಕೊಂಡೆ. ಹಳೆಯ ಕಾಲದಲ್ಲೂ 18ರ ಲೆಕ್ಕವೇ ಇತ್ತು. ವಿಂಚೆಂಜೋ ಗೆಲಿಲಿ ಎಂಬ ಇಟಲಿಯ ಸಂಗೀತಗಾರ 1581ರಲ್ಲೇ ಅದನ್ನು ಪುಸ್ತಕದಲ್ಲಿ ಹೇಳಿದ್ದ. ದೂರದರ್ಶಕದಲ್ಲಿ ಗುರುಗ್ರಹದ ಚಂದ್ರರನ್ನು ಕಂಡ ಗೆಲಿಲಿಯೋನ ಅಪ್ಪನೇ ಅವನು.

ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿ ಮಿಡಿದ ಮೊಮ್ಮಗ ಮುಖ ಸಿಂಡರಿಸಿದ. "ಸ್ವಲ್ಪ ಇಳಿದಿದೆ ತಾತ." ನನಗೇನೂ ಗೊತ್ತಾಗಲಿಲ್ಲ. ಅವನು ಮೊಬೈಲಿನಲ್ಲಿ ಶ್ರುತಿ ನೋಡಿ ತೋರಿಸಿದ. ಕಾಗದ ತೆಗೆದು ಮತ್ತೆ ಲೆಕ್ಕ ಹಾಕಿದೆ. 18ರಿಂದ ಹನ್ನೆರಡು ಸಲ ಭಾಗಿಸಿ ಕಳೆದರೆ ಉಳಿಯುವುದು 325 ಅಲ್ಲ, 327.4. ಎರಡೂಕಾಲು ಮಿಲಿಮೀಟರಿಗೂ ಮೀರಿ ತಪ್ಪು. ಒಂದೊಂದು ಹೆಜ್ಜೆಗೆ ಕೂದಲೆಳೆಯಷ್ಟು ಬಿಟ್ಟದ್ದು ಕೊನೆಗೆ ಕೂಡಿಕೊಂಡಿತ್ತು.

ನಾಚಿಕೆಯಾಯಿತು. ಕಂಪ್ಯೂಟರ್ ಬರುವ ಮುಂಚೆ ಅರ್ಧವಾರ್ಷಿಕ ಲೆಕ್ಕದ ದಿನಗಳಲ್ಲಿ ಹತ್ತು ಪೈಸೆ ತಾಳೆಯಾಗದೆ ಇಡೀ ಶಾಖೆ ರಾತ್ರಿ ಹನ್ನೊಂದರವರೆಗೆ ಕೂತದ್ದುಂಟು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಹಿಂದುಮುಂದಾಗಿದೆ, 63 ಬರೆಯುವ ಕಡೆ 36 ಬರೆದಿದ್ದಾರೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ನಾನು. ಅಂಥವನು ಸೋಮಾರಿತನಕ್ಕೆ ಪೂರ್ಣಾಂಕ ಮಾಡಿಬಿಟ್ಟೆ. ಎಲ್ಲ ಕಡ್ಡಿಗಳನ್ನೂ ಕಿತ್ತು, ಈ ಸಲ 17.817 ಇಟ್ಟು, ಮತ್ತೆ ಕೂರಿಸಿದೆವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದೇ ತಂತಿಯ ಆ ಹಲಗೆಯ ಮೇಲೆ ಅವನು ಸರಿಗಮ ನುಡಿಸಿದ. ಅದು ಗಿಟಾರ್ ಅಲ್ಲ ನಿಜ. ಆದರೆ ಅಂಗಡಿಯಲ್ಲಿ ಕೊಂಡದ್ದೂ ಅಲ್ಲ. ಮಕ್ಕಳೇ, ನೀವೂ ಮಾಡಿ ನೋಡಬಹುದು. ಗರಗಸ ಹಿಡಿಯುವಾಗ ಮಾತ್ರ ದೊಡ್ಡವರು ಪಕ್ಕದಲ್ಲಿರಲಿ.

ಇನ್ನು ಬೀಟೆಯ ವಿಷಯ. ಮೊದಲು ಗಿಟಾರಿನವರು ಹೆಚ್ಚಾಗಿ ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿದ್ದರು. ಅಲ್ಲಿ ಕಾಡು ಬರಿದಾಗುತ್ತಾ ಬಂದು, ದಿಮ್ಮಿ ಸಿಗುವುದು ಕಷ್ಟವಾದಾಗ 1960ರ ದಶಕದಲ್ಲಿ ಎಲ್ಲರ ಕಣ್ಣು ನಮ್ಮ ಬೀಟೆಯ ಮೇಲೆ ಬಿತ್ತು. ಅಮೆರಿಕದ ಹೆಸರುವಾಸಿ ಮಾರ್ಟಿನ್ ಕಂಪನಿ 1969ರಲ್ಲಿ ಬೀಟೆಗೆ ಬದಲಾಯಿಸಿತು. ಮ್ಯಾಡ್ರಿಡ್‌ನ ರಾಮಿರೆಜ್ ಮನೆತನದವರೂ ಬೀಟೆ ಹಿಡಿದರು. 1992ರಿಂದ ಬ್ರೆಜಿಲ್ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಹೆಚ್ಚುಕಡಿಮೆ ಪೂರ್ತಿ ನಿಷೇಧ. 2017ರ ಜನವರಿಯಲ್ಲಿ ಬೀಟೆಯೂ ಅದರ ಸೋದರ ಜಾತಿಗಳೂ ನಿಯಂತ್ರಣದ ಪಟ್ಟಿಗೆ ಸೇರಿದವು. ಗಡಿ ದಾಟುವ ವಾದಕರು ತಮ್ಮ ವಾದ್ಯಕ್ಕೂ ಕಾಗದಪತ್ರ ಹಿಡಿದು ಅಲೆದರು. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮಲ್ಲಂತೂ ಸ್ವಂತ ತೋಟದ ಬೀಟೆ ಮರವನ್ನೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಸರಿಯಾದದ್ದೇ. ಬೀಟೆ ನಿಧಾನವಾಗಿ ಬೆಳೆಯುವ ಮರ, ನೆಟ್ಟವನು ಅದರ ಹಲಗೆ ನೋಡುವುದಿಲ್ಲ. ಇಲ್ಲೇ ಪಕ್ಕದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದಿರು ಕರಗಿಸಲು ಬಳಸಿದ್ದು ಮಲೆನಾಡಿನ ಕಾಡಿನ ಸೌದೆಯ ಇದ್ದಿಲು. ಕಾರ್ಖಾನೆಯಿಂದ ನಮ್ಮ ಜಿಲ್ಲೆ ಉಂಡಿದೆ, ಬಯ್ಯಲಾರೆ. ಆದರೂ ಆ ಉರಿಯಲ್ಲಿ ಎಷ್ಟು ವೀಣೆ, ಎಷ್ಟು ಗಿಟಾರ್ ಹೋದವೋ ಎಂದು ಈಗೀಗ ಅನ್ನಿಸುತ್ತದೆ.

ಹೀಗಿರುವಾಗ ನಮ್ಮ ಮನೆಯೊಳಗೆ ಅಮ್ಮನ ಮಂಚ. ತಲೆಹಲಗೆ ನಾಲ್ಕು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದಂಗುಲ ದಪ್ಪ. ಗಿಟಾರಿನ ಬೆನ್ನಿಗೆ ಸುಮಾರು 50 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ಎರಡು ಹಾಳೆ ಬೇಕು. ಪಕ್ಕಗಳಿಗೆ 80 ಸೆಂಟಿಮೀಟರ್ ಉದ್ದದ ಎರಡು ಪಟ್ಟಿ. ಮೊಮ್ಮಗ ಟೇಪು ಹಿಡಿದು ಅಳೆದ. ಸಾಕಾಗುತ್ತದೆ. ಸರಿಯಾಗಿ ಸೀಳುವವರು ಸಿಕ್ಕರೆ ಎರಡು ಗಿಟಾರಿಗೂ ಆದೀತು.

"ಈಗಲೇ ಬೇಡ" ಎಂದೆ. ಅವನೂ ಒಪ್ಪಿದ. ಮೊದಲು ಅಗ್ಗದ ಮರದಲ್ಲಿ ಒಂದು ಮಾಡಿ ಕೆಡಿಸುತ್ತಾನಂತೆ, ಆಮೇಲೆ ಇನ್ನೊಂದು ಮಾಡಿ ಕೆಡಿಸುತ್ತಾನಂತೆ. ಅವನ ಅಪ್ಪನಿಗೆ ಇದೊಂದೂ ಹಿಡಿಸಿಲ್ಲ, ಗಣಿತದ ಅಂಕ ಕಡಿಮೆಯಾಗಿದೆ ಎಂದು ಫೋನಿನಲ್ಲಿ ಹೇಳಿದರು. ಹನ್ನೆರಡು ಸಲ ದಶಮಾಂಶದ ಭಾಗಾಕಾರ ಮಾಡಿಸಿದ್ದೇನೆ ಎಂದು ನಾನೂ ಹೇಳಿದೆ. ಆ ಕಡೆ ಮಾತಿಲ್ಲ.

ಮೊನ್ನೆ ವ್ಯಾಪಾರಿ ಮೂರನೆಯ ಸಲ ಬಂದ. ಸಾವಿರ ರೂಪಾಯಿ ಏರಿಸಿದ. ಎಂದಿನಂತೆ ಬಗ್ಗಿ ಮಂಚದ ಹಿಂಬದಿ ನೋಡಿದವನು, "ಇದೇನು ಸಾರ್, ಯಾರೋ ಗೀಚಿದ್ದಾರೆ" ಎಂದ. ತಲೆಹಲಗೆಯ ಹಿಂದೆ ಸೀಮೆಸುಣ್ಣದಲ್ಲಿ ಎರಡು ದೊಡ್ಡ ಅರ್ಧ ಎಂಟುಗಳು, ಪಕ್ಕದಲ್ಲಿ ಉದ್ದಕ್ಕೆ ಎರಡು ಪಟ್ಟಿ, ಕೆಳಗೆ 650 ಎಂಬ ಅಂಕಿ. ಕೈಯಿಂದ ಒರೆಸಲು ಹೋದ. ಒರೆಸಬೇಡಿ ಎಂದು ಹೇಳಿ, ಕಾಫಿ ಕೊಟ್ಟು ಕಳಿಸಿದೆ.